ಗುಂಡಿಗೆ ಬಿದ್ದದ್ದು ಯಾರು?

ಆಷಾಢದ ಮಳೆ. ಬೆಳಿಗ್ಗೆ ಹೋದ ಕರೆಂಟು ಇನ್ನೂ ಬಂದಿರಲಿಲ್ಲ. ಸಾಗರದ ಕಡೆಯ ನಮ್ಮ ಮನೆ ಜಗಲಿಯಲ್ಲಿ ನಾವು ಮೂವರು ಕೂತಿದ್ದೆವು. ನಾನು, ರಿಟೈರಾದ ಮೇಷ್ಟ್ರು, ಕಿರಾಣಿ ಅಂಗಡಿ ಭಾವ. ಒಳಗಿನಿಂದ ಹಲಸಿನ ಹಪ್ಪಳ ಸುಡುವ ವಾಸನೆ ಬಂತು. ಭಾವ ಮೂಗರಳಿಸಿದ.

"ನೀನು ಗೊಬ್ಬರ ಗುಂಡಿಗೆ ಬಿದ್ದ ದಿನವೂ ಹಪ್ಪಳ ಸುಡ್ತಿದ್ರು. ಕುತ್ತಿಗೆವರೆಗೆ ಮುಳುಗಿದ್ದೆ ನೋಡು."

"ಬಿದ್ದದ್ದು ನಾನಲ್ಲ ಮಾರಾಯ, ನೀನು. ಎಳೆದು ಹಾಕಿದ್ದು ನಾನು."

"ಸುಮ್ನಿರಿ. ಬಿದ್ದದ್ದು ನೀವಿಬ್ಬರೂ, ಎತ್ತಿದ್ದು ನಾನು" ಅಂದರು ಮೇಷ್ಟ್ರು.

ನಾವು ಮೂವರೂ ನಾಲ್ಕನೇ ಕ್ಲಾಸಿನಲ್ಲಿದ್ದಾಗಿನ ಕತೆ ಇದು. ಇಪ್ಪತ್ತು ವರ್ಷದ ಹಿಂದೆ ಇದೇ ಭಾವ ಹೇಳುವಾಗ ಗೊಬ್ಬರ ನನ್ನ ಮೊಣಕಾಲಿಗಿತ್ತು. ಕಳೆದ ವರ್ಷ ಒಂದು ಮದುವೆಮನೆಯಲ್ಲಿ ಸೊಂಟಕ್ಕೆ ಬಂತು. ಇವತ್ತು ಕುತ್ತಿಗೆ. ಇನ್ನೆರಡು ವರ್ಷ ಭಾವ ಗಟ್ಟಿಯಾಗಿದ್ದರೆ ನಾನು ಪೂರ್ತಿ ಮುಳುಗುವುದು ಖಂಡಿತ.

ಮೇಷ್ಟ್ರಿಗೆ ಪಾಠ ಮಾಡಲು ಇಷ್ಟೇ ಸಾಕು. "1974ರಲ್ಲಿ ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅನ್ನುವವರು ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಫಿಲ್ಮ್ ತೋರಿಸಿದ್ರು. ಕೆಲವರಿಗೆ 'ಕಾರು ಗುದ್ದಿದಾಗ ಎಷ್ಟು ವೇಗ ಇತ್ತು' ಅಂತ ಕೇಳಿದ್ರು. ಕೆಲವರಿಗೆ 'ಅಪ್ಪಳಿಸಿ ನುಜ್ಜಾದಾಗ ಎಷ್ಟು' ಅಂತ. ನುಜ್ಜು ಕೇಳಿಸಿಕೊಂಡವರು ವೇಗ ಜಾಸ್ತಿ ಹೇಳಿದ್ರು. ವಾರ ಬಿಟ್ಟು ಕೇಳಿದ್ರೆ, ಒಡೆದ ಗಾಜು ಕಂಡೆವು ಅಂದವರೂ ಅವರಲ್ಲೇ ಜಾಸ್ತಿ. ಫಿಲ್ಮಿನಲ್ಲಿ ಗಾಜೇ ಒಡೆದಿರಲಿಲ್ಲ!"

"ಹಾಗಾದ್ರೆ ತಪ್ಪು ಕೇಳುವವರದ್ದು" ಅಂದ ಭಾವ. "ಎಲ್ಲರೂ 'ಎಷ್ಟು ಮುಳುಗಿದ್ದ' ಅಂತಲೇ ಕೇಳ್ತಾರೆ. ಗೊಬ್ಬರ ಏರದೆ ಇನ್ನೇನಾಗ್ತದೆ?"

ಮೇಷ್ಟ್ರು ಬಿಡಲಿಲ್ಲ. ಜರ್ಮನಿಯ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರ ಬಾಯಿಪಾಠ ಮಾಡಿ ತನ್ನ ಮರೆವನ್ನು ತಾನೇ ಅಳೆದನಂತೆ, 1885ರಲ್ಲಿ ಪುಸ್ತಕ ಬರೆದನಂತೆ. ಒಂದು ಗಂಟೆಯೊಳಗೆ ಅರ್ಧಕ್ಕಿಂತ ಜಾಸ್ತಿ ಮಾಯ. ಉಳಿದದ್ದು ಮಾತ್ರ ನಿಧಾನಕ್ಕೆ ಹೋಗುತ್ತದೆ.

"ನನ್ನ ಉದ್ರಿ ಗಿರಾಕಿಗಳಿಗೆ ಗಂಟೆಯೆಲ್ಲ ಬೇಡ. ಅಂಗಡಿ ಮೆಟ್ಟಿಲು ಇಳಿದ್ರೆ ಸಾಕು."

ಮೆಟ್ಟಿಲು ಅಂದವನೇ ಭಾವ ಸ್ವಲ್ಪ ಹೊತ್ತು ಸುಮ್ಮನಾದ. ಅವನದ್ದು ಮುಳುಗಡೆ ಕುಟುಂಬ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಶರಾವತಿ ಹಿನ್ನೀರಿಗೆ ಮನೆ, ತೋಟ ಎಲ್ಲ ಹೋಯಿತು. ಅವನ ಅಪ್ಪಯ್ಯ ಕೊನೆಗಾಲದಲ್ಲಿ ಮಗನಿಗೇ "ತಾವು ಯಾರ ಪೈಕಿ?" ಅಂತ ಕೇಳಿ, ಮರ್ಯಾದೆಯಿಂದ ಕವಳದ ಹರಿವಾಣ ಮುಂದಿಡುತ್ತಿದ್ದರು.

"ಆದ್ರೆ ಹಳೇ ಮನೆ ದಾರಿ ಹೇಳುವಾಗ ನೋಡಬೇಕಿತ್ತು. ಮೆಟ್ಟಿಲು ಹನ್ನೊಂದು. ದಣಪೆ ದಾಟಿದ್ರೆ ಬಲಗಡೆ ಮುರುಗಲು ಮರ. ಒಂದು ದಿನವೂ ಹನ್ನೆರಡು ಆಗಲಿಲ್ಲ."

ಹತ್ತರಿಂದ ಮೂವತ್ತರ ಪ್ರಾಯದ ನೆನಪೇ ಮುದುಕರಲ್ಲಿ ಜಾಸ್ತಿ ಉಳಿಯುವುದು ಅಂದರು ಮೇಷ್ಟ್ರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಹನ್ನೊಂದೇ ಅಂತ ಈಗ ಎಣಿಸೋದು ಯಾರು? ಬೇಸಿಗೆಯಲ್ಲಿ ನೀರು ತೀರಾ ಇಳಿದ್ರೆ ಹಿನ್ನೀರಲ್ಲಿ ಮುಳುಗಿದ ಹಳೇ ಮಡೆನೂರು ಡ್ಯಾಮು ಮೇಲೆ ಬರ್ತದೆ. ನಿಮ್ಮನೆ ಮೆಟ್ಟಿಲು ಬರ್ತದಾ?"

ಭಾವ ಅವರ ಮುಂದಿದ್ದ ಹಪ್ಪಳವನ್ನು ತನ್ನ ಕಡೆಗೆ ಎಳೆದುಕೊಂಡ.

ಜಗಳ ಬೇಡವೆಂದು ನಾನು ಮೂಲೆಗೆ ತಿರುಗಿದೆ. ಅಲ್ಲಿ ಅಮ್ಮ ಕುಟ್ಟಾಣಿಯಲ್ಲಿ ಅಡಿಕೆ ಕುಟ್ಟುತ್ತಿದ್ದಳು. ತೊಂಬತ್ತು ದಾಟಿದೆ. ಬೆಳಿಗ್ಗೆ ತಿಂದದ್ದು ಮರೆತು ಹತ್ತು ಗಂಟೆಗೆ ಮತ್ತೆ ದೋಸೆ ಕೇಳುತ್ತಾಳೆ.

"ಅಮ್ಮಾ, ಗೊಬ್ಬರ ಗುಂಡಿಗೆ ಬಿದ್ದದ್ದು ನಮ್ಮಲ್ಲಿ ಯಾರು?"

ಕುಟ್ಟುವುದು ನಿಂತಿತು. "ನೀವು ಎಲ್ಲಿ ಬಿದ್ರಿ? ಬಿದ್ದದ್ದು ಎಮ್ಮೆ ಕರು. ನಿಮ್ಮ ಅಪ್ಪಯ್ಯ ಇಳಿದು ಎತ್ತಿದ್ರು. ನೀವು ಮೂರೂ ಜನ ದಂಡೆಯಲ್ಲಿ ನಿಂತು ಗೋಳೋ ಅಂತ ಅಳ್ತಿದ್ರಿ."

ಸೂರಿನ ನೀರು ಬೀಳುವ ಸದ್ದು ಮಾತ್ರ ಕೇಳುತ್ತಿತ್ತು.

"ಅಮ್ಮನಿಗೆ ವಯಸ್ಸಾಯ್ತು, ಪಾಪ" ಅಂದರು ಮೇಷ್ಟ್ರು ಮೆಲ್ಲಗೆ.

ಭಾವ ತೊಡೆ ತಟ್ಟಿದ. "ಹೌದಲ್ಲ ಮಾರಾಯ! ಹಣೆ ಮೇಲೆ ಬಿಳಿ ಬೊಟ್ಟಿನ ಕರು! ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ."

"ಬೊಟ್ಟಲ್ಲ, ಬಾಲದ ತುದಿ ಬಿಳಿ" ಅಂದೆ ನಾನು.