ಅಪ್‌ಡೇಟ್: ಅಮ್ಮನ ಜೊತೆ ಗೋಜೋ ನೋಡಿ ಬಂದೆ, ಹಡಗು ತಪ್ಪಲಿಲ್ಲ

ಕ್ರೂಸ್ ಹಡಗು ಮಾಲ್ಟಾದ ವಲೆಟ್ಟಾದಲ್ಲಿ ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ ನಿಲ್ಲುತ್ತದೆ, ಅಷ್ಟರಲ್ಲಿ ಬಸ್ಸು, ಫೆರ್ರಿ ಹಿಡಿದು ಗೋಜೋ ದ್ವೀಪಕ್ಕೆ ಹೋಗಿ ಬರಬಹುದಾ ಅಂತ ಕೇಳಿದ್ದೆ. ಹೋಗಿ ಬಂದೆವು! ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಹೋಗುವಾಗ ನೀವು ಹೇಳಿದ ಹಾಗೆ ವಲೆಟ್ಟಾದಿಂದಲೇ ಫಾಸ್ಟ್ ಫೆರ್ರಿ ಹತ್ತಿದೆವು. ಹಡಗುಕಟ್ಟೆಯಿಂದ ನಡೆದೇ ಹೋಗಬಹುದು. ಸುಮಾರು 45 ನಿಮಿಷಕ್ಕೆ ಗೋಜೋದ ಎಮ್‌ಜಾರ್ ಬಂದರು ತಲುಪಿದೆವು. ಅಲ್ಲಿಂದ 301ನೇ ಬಸ್ಸು ಗೋಜೋದ ಮುಖ್ಯ ಊರು ವಿಕ್ಟೋರಿಯಾಗೆ. ಊರಿನ ನೆತ್ತಿಯಲ್ಲಿರುವ ಕೋಟೆಯ ಗೋಡೆ ಹತ್ತಿ ನಿಂತರೆ ಸುತ್ತಲೂ ಹೊಲ, ಚರ್ಚ್ ಗುಮ್ಮಟಗಳು, ಆಚೆಗೆ ಸಮುದ್ರ. ಮಂಡಿನೋವಿದ್ದರೂ ಅಮ್ಮ ಅಲ್ಲಿಂದ ಇಳಿಯಲು ಒಪ್ಪಲಿಲ್ಲ. ಆ ಅರ್ಧ ಗಂಟೆಗಾಗಿಯೇ ಇಡೀ ಪ್ರವಾಸ ಮಾಡಬಹುದು ಅನ್ನಿಸಿತು ನನಗೆ.

ಬರುವಾಗ ಮಾತ್ರ ಎದೆ ಡವಡವ. ಕಾರುಗಳನ್ನೂ ಒಯ್ಯುವ ದೊಡ್ಡ ಫೆರ್ರಿಯಲ್ಲಿ ಮಾಲ್ಟಾದ ಉತ್ತರ ತುದಿಯ ಚಿರ್ಕೆವಾಗೆ ಬಂದೆವು, ಬರೀ 25 ನಿಮಿಷ. (ಈ ಫೆರ್ರಿಗೆ ಹೋಗುವಾಗ ದುಡ್ಡಿಲ್ಲ, ಗೋಜೋದಿಂದ ವಾಪಸ್ ಬರುವಾಗಲೇ ಟಿಕೆಟ್.) ಆದರೆ ಮೊದಲ ಬಸ್ಸು ತುಂಬಿತ್ತು, ಹತ್ತಲು ಆಗಲಿಲ್ಲ. ಮುಂದಿನ 41ರಲ್ಲಿ ವಲೆಟ್ಟಾ ತಲುಪಲು ಒಂದೂಕಾಲು ಗಂಟೆ ಹಿಡಿಯಿತು. ಬಸ್ ನಿಲ್ದಾಣ ಊರಿನ ಮೇಲ್ಗಡೆ ಇದೆ, ಹಡಗು ಕೆಳಗೆ. ಬರಾಕ್ಕಾ ತೋಟದ ಲಿಫ್ಟ್ ಇರದಿದ್ದರೆ ಅಮ್ಮನಿಗೆ ಆ ಇಳಿಜಾರು ಕಷ್ಟವಾಗುತ್ತಿತ್ತು. 58 ಮೀಟರ್ ಎತ್ತರದ್ದು ಅದು, ಸುಮ್ನೆ ನಿಂತರೆ ಸಾಕು.

ವಯಸ್ಸಾದವರು ಜೊತೆಗಿದ್ದರೆ ವಾಪಸ್ಸಿಗೂ ಫಾಸ್ಟ್ ಫೆರ್ರಿಯೇ ಹಿಡಿಯಿರಿ. ದುಡ್ಡು ಸ್ವಲ್ಪ ಜಾಸ್ತಿ, ಆದರೆ ಬಸ್ಸಿನ ಚಿಂತೆ ಇರಲ್ಲ. ನಾವು ಹಡಗು ಹತ್ತಿದಾಗ 4:50.