ಯಕ್ಷಗಾನದ ಫೋಟೊ: ಗಾತ್ರ ಇಳಿಸಿದರೆ ಕೆಂಪು ಕದಡುತ್ತದೆ, ಏನು ಮಾಡಲಿ?

ಡೊಂಬಿವಲಿ ವಾಸಿ:
ಮಾಟುಂಗದಲ್ಲಿ ನಡೆದ ಯಕ್ಷಗಾನದ 40 ಫೋಟೊಗಳನ್ನು ಸಂಘದ ಜಾಲತಾಣಕ್ಕೆ ಹಾಕಬೇಕು. ಎಲ್ಲವೂ ಕ್ಯಾಮೆರಾದ ಜೆಪೆಗ್, 6000×4000 ಪಿಕ್ಸೆಲ್, ಒಂದೊಂದೂ 10 ಎಂಬಿ ಆಸುಪಾಸು. ಪುಟದಲ್ಲಿ ಫೋಟೊ ಕಾಣುವ ಅಗಲ 800 ಪಿಕ್ಸೆಲ್. ಹೆಚ್ಚಿನ ಸದಸ್ಯರು ಲೋಕಲ್ ರೈಲಿನಲ್ಲಿ ಮೊಬೈಲಿನಲ್ಲೇ ನೋಡುವವರು. ಸೇವ್ ಮಾಡುವಾಗ ಕ್ವಾಲಿಟಿಯನ್ನು (100ರೊಳಗಿನ ಅಂಕ) 40ಕ್ಕೆ ಇಳಿಸಿದರೂ ಕಡತ 2 ಎಂಬಿ ಇದೆ. ಮೇಲಾಗಿ ಕಸೆ ಸೀರೆಯ ಕೆಂಪು ಚೌಕುಳಿ ಕದಡಿದೆ, ಹಿಂದಿನ ಕಪ್ಪು ಪರದೆಯಲ್ಲಿ ಚೌಕಚೌಕ ಕಲೆ. ಆಮಂತ್ರಣದ ಚಿತ್ರದಲ್ಲಿ ಒತ್ತಕ್ಷರಗಳೂ ಮಸುಕು.

ಪಿಂಪ್ರಿ ಪಿಕ್ಸೆಲ್:
ಕ್ವಾಲಿಟಿ ಮುಟ್ಟುವ ಮೊದಲು ಅಳತೆ ಇಳಿಸಿ. 800 ಪಿಕ್ಸೆಲ್ ಜಾಗಕ್ಕೆ ದಟ್ಟ ಪಿಕ್ಸೆಲ್ ಇರುವ ಈಗಿನ ಮೊಬೈಲ್ ಪರದೆಗಳಿಗಾಗಿ ಇಮ್ಮಡಿ ಲೆಕ್ಕ ಹಿಡಿದರೂ 1600 ಅಗಲ ಸಾಕು. 1600×1067 ಮಾಡಿದರೆ ಪಿಕ್ಸೆಲ್‌ಗಳು 14 ಪಟ್ಟು ಕಡಿಮೆ. ಇನ್ನೊಂದು ಲಾಭವೂ ಇದೆ: ರಂಗದ ಮಂದ ಬೆಳಕಿನಲ್ಲಿ ಐಎಸ್‌ಒ (ಕ್ಯಾಮೆರಾ ಬೆಳಕು ಗ್ರಹಿಸುವ ಮಟ್ಟ) ಏರಿಸಿ ತೆಗೆದ ಫೋಟೊದಲ್ಲಿ ಕಾಳುಕಾಳು ನಾಯ್ಸ್ ಇರುತ್ತದೆ. ಅದು ಸಂಕುಚನಕ್ಕೆ ಬಗ್ಗುವುದಿಲ್ಲ, ಕಡತ ಉಬ್ಬುವುದೇ ಅದರಿಂದ. 14 ಪಿಕ್ಸೆಲ್ ಸೇರಿ ಒಂದಾಗುವಾಗ ಆ ನಾಯ್ಸ್ ಬಹುಪಾಲು ಅಳಿಸಿಹೋಗುತ್ತದೆ. ನಿಮ್ಮ ತಂತ್ರಾಂಶದಲ್ಲಿ ಅಳತೆ ಇಳಿಸಲು ಲ್ಯಾಂಕ್ಜೋಸ್ ಎಂಬ ವಿಧಾನ ಇದ್ದರೆ ಅದನ್ನು ಆರಿಸಿ.

ಈಗ ಕೆಂಪಿನ ವಿಷಯ, ಇಲ್ಲೇ ಹೆಚ್ಚಿನವರು ಎಡವುವುದು. ಜೆಪೆಗ್ ಬೆಳಕನ್ನೂ ಬಣ್ಣವನ್ನೂ ಬೇರೆ ಮಾಡಿ, ಸಾಮಾನ್ಯವಾಗಿ 4:2:0 ಎಂಬ ಕ್ರಮದಲ್ಲಿ ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣದ ಮಾಹಿತಿ ಇಡುತ್ತದೆ. ಕಪ್ಪಿನ ಪಕ್ಕದ ಕಡುಗೆಂಪಿನಲ್ಲಿ ಬೆಳಕಿನ ವ್ಯತ್ಯಾಸ ಕಡಿಮೆ, ಗೆರೆ ನಿಂತಿರುವುದೇ ಬಣ್ಣದ ಮೇಲೆ. ಅದನ್ನೇ ಕತ್ತರಿಸಿದರೆ ಚೌಕುಳಿ ಕದಡದೆ ಇನ್ನೇನಾದೀತು? ಗಿಂಪ್ ಎಂಬ ಉಚಿತ ಫೋಟೊ ತಂತ್ರಾಂಶದಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಅಡ್ವಾನ್ಸ್‌ಡ್ ಭಾಗದಲ್ಲಿ ಸಬ್‌ಸ್ಯಾಂಪ್ಲಿಂಗ್ 4:4:4 (ಪ್ರತಿ ಪಿಕ್ಸೆಲ್‌ಗೂ ಅದರದೇ ಬಣ್ಣ) ಆರಿಸಿ, ಕ್ವಾಲಿಟಿ 80 ಇಡಿ. ಕಡತ ತುಸು ದಪ್ಪವಾಗುತ್ತದೆ, ವೇಷದ ಫೋಟೊಗಳಿಗೆ ಆ ಬೆಲೆ ತೆರಲೇಬೇಕು. ಸಭಾ ಕಾರ್ಯಕ್ರಮದ ಫೋಟೊಗಳಿಗೆ 4:2:0 ಮತ್ತು 75 ಧಾರಾಳ.

ಮಡಗಾಂವ್ ಮಾಣಿ:
ಜೆಪೆಗ್ ಬದಲು ವೆಬ್‌ಪಿ ಎಂಬ ಚಿತ್ರರೂಪ ಬಳಸುವುದಾದರೆ ಎಚ್ಚರ: ಅದರ ಲಾಸಿ (ಮಾಹಿತಿ ಬಿಟ್ಟು ಹಿಂಡುವ) ರೂಪದಲ್ಲಿ 4:2:0 ಬಿಟ್ಟು ಬೇರೆ ಇಲ್ಲವೇ ಇಲ್ಲ. ಬ್ರೌಸರಿನಲ್ಲೇ ಚಿತ್ರ ಹಿಂಡುವ ಸ್ಕ್ವೂಷ್‌ನಲ್ಲಿ ‘ಶಾರ್ಪ್’ ಆರ್‌ಜಿಬಿ-ವೈಯುವಿ ಆಯ್ಕೆ ಒತ್ತಿದರೆ ಕೆಂಪು ಅಂಚು ಸ್ವಲ್ಪ ಸುಧಾರಿಸುತ್ತದೆ. ಎವಿಐಎಫ್ ಎಂಬ ಇನ್ನೊಂದು ಚಿತ್ರರೂಪದಲ್ಲಿ 4:4:4 ಇದೆ, ಆಪಲ್‌ನ ಬ್ರೌಸರ್ ಸಫಾರಿ 2022ರ 16ನೇ ಆವೃತ್ತಿಯಿಂದ ಅದನ್ನು ತೋರಿಸುತ್ತದೆ. ಹಳೆಯ ಫೋನುಗಳಿಗೆ ಪುಟದ ಎಚ್‌ಟಿಎಂಎಲ್‌ನ ಪಿಕ್ಚರ್ ಟ್ಯಾಗ್‌ನಲ್ಲಿ ಜೆಪೆಗ್ ಜೊತೆಗಿರಲಿ. ಒಂದು ರೂಪದ ಕ್ವಾಲಿಟಿ 80 ಇನ್ನೊಂದರ 80 ಅಲ್ಲ; ಎವಿಐಎಫ್‌ನಲ್ಲಿ 55–60ರಿಂದ ಶುರುಮಾಡಿ. ತೀರಾ ಇಳಿಸಿದರೆ ಮುಖವರ್ಣಿಕೆಯ ಸೂಕ್ಷ್ಮ ಚುಟ್ಟಿ (ಬಿಳಿ ಚುಕ್ಕೆಗಳ ಸಾಲು) ನುಣ್ಣಗಾಗಿ ಮಾಯವಾಗುತ್ತದೆ. ಅದನ್ನು 100% ಜೂಮ್‌ನಲ್ಲಿ, ಕಿರೀಟ ಮತ್ತು ಕಣ್ಣಿನ ಬಳಿ ನೋಡಿಯೇ ತೀರ್ಮಾನಿಸಿ.

ಆಮಂತ್ರಣವನ್ನು ಜೆಪೆಗ್ ಮಾಡಲೇಬೇಡಿ. 8×8 ಚೌಕದೊಳಗೆ ಅಕ್ಷರದ ಅಂಚಿನ ಕಂಪನ ಹರಡುತ್ತದೆ, ಒತ್ತು ಕೊಂಬುಗಳಿಗೆ ಮೊದಲ ಏಟು. ನಾಲ್ಕೈದು ಸಪಾಟು ಬಣ್ಣಗಳಿದ್ದರೆ 256 ಬಣ್ಣದ ಪಿಎನ್‌ಜಿ ಅಥವಾ ಲಾಸ್‌ಲೆಸ್ (ಏನೂ ಕಳೆಯದ) ವೆಬ್‌ಪಿ ಮಾಡಿ.

ಪಿಂಪ್ರಿ ಪಿಕ್ಸೆಲ್:
ಒಂದು ಮರೆತೆ. ಎಕ್ಸಿಫ್ (ಫೋಟೊದೊಳಗೆ ಕ್ಯಾಮೆರಾ ಬರೆದಿಡುವ ಮಾಹಿತಿ) ಅಳಿಸುವ ಮೊದಲು ಫೋಟೊವನ್ನು ನಿಜವಾಗಿ ತಿರುಗಿಸಿ, ಜಾಲತಾಣಗಳ ಸಾಮಾನ್ಯ ಬಣ್ಣದ ವ್ಯವಸ್ಥೆಯಾದ ಎಸ್‌ಆರ್‌ಜಿಬಿಗೆ ಬದಲಿಸಿ. ಇಲ್ಲವಾದರೆ ಚಿತ್ರ ಅಡ್ಡ ಮಲಗೀತು, ಅಡೋಬಿ ಆರ್‌ಜಿಬಿ ಆಗಿದ್ದರೆ ಬಣ್ಣ ಪೇಲವ. ವಾಟ್ಸಾಪಿನಲ್ಲಿ ಬಂದ ಫೋಟೊ ಆಗಲೇ ಒಮ್ಮೆ ಹಿಂಡಿದ್ದು, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಡೊಂಬಿವಲಿ ವಾಸಿ:
ತಾಣ ವರ್ಡ್‌ಪ್ರೆಸ್‌ನಲ್ಲಿದೆ. ಅದೂ ಏನಾದರೂ ಮಾಡುತ್ತದೆಯೇ?

ಮಡಗಾಂವ್ ಮಾಣಿ:
ಮಾಡುತ್ತದೆ. ನೀವು ಏರಿಸಿದ ಜೆಪೆಗ್‌ನಿಂದ ಚಿಕ್ಕ ಪ್ರತಿಗಳನ್ನು ಕ್ವಾಲಿಟಿ 82ರಲ್ಲಿ ಮತ್ತೆ ತಯಾರಿಸುತ್ತದೆ, ಎರಡನೇ ಸಲದ ನಷ್ಟ ಅಲ್ಲಿ. ಹಾಗಾಗಿ ಪುಟದಲ್ಲಿ ‘ಫುಲ್ ಸೈಜ್’ ಬಳಸುವ ಫೋಟೊ 80ರಲ್ಲೇ ಇರಲಿ, ಗ್ಯಾಲರಿಯಲ್ಲಿ ಚಿಕ್ಕದಾಗಿ ಮಾತ್ರ ಕಾಣುವುದನ್ನು 90ರಲ್ಲಿ ಏರಿಸಿ.