ಸಾವಯವ ರಸಾಯನಶಾಸ್ತ್ರ ಓದಿದವರಿಗೆ ಕಿಣ್ವಗಳ ಕ್ಷೇತ್ರದಲ್ಲಿ ಕೆಲಸವಿದೆಯೇ?

ಹೇಮಾವತಿತೀರ (ಪ್ರಶ್ನೆ):
ಸಾವಯವ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಔಷಧಗಳ ಮೂಲವಸ್ತು ತಯಾರಿಸುವ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಮೂರು ವರ್ಷಗಳಿಂದ ದುಡಿಯುತ್ತಿದ್ದೇನೆ. ಒಂದು ಕಿಲೋ ಉತ್ಪನ್ನಕ್ಕಾಗಿ ಎಷ್ಟೊಂದು ದ್ರಾವಕ ತ್ಯಾಜ್ಯದ ಡ್ರಮ್ಮುಗಳನ್ನು ಸೇರುತ್ತದೆ ಎಂಬುದನ್ನು ದಿನವೂ ಕಾಣುವ ನನಗೆ, ಕಿಣ್ವಗಳನ್ನೇ ವೇಗವರ್ಧಕಗಳಾಗಿ ಬಳಸುವ ಕ್ಷೇತ್ರದಲ್ಲಿ ಪಿಎಚ್.ಡಿ. ಮಾಡಬೇಕೆಂಬ ಹಂಬಲ ಹುಟ್ಟಿದೆ. ಆದರೆ ಪಿಯುಸಿಯ ನಂತರ ಜೀವಶಾಸ್ತ್ರದ ಪುಸ್ತಕ ತೆರೆದಿಲ್ಲ. ಮನೆ ನಡೆಯುವುದೂ ನನ್ನ ಸಂಬಳದಿಂದಲೇ. ಐದು ವರ್ಷ ಫೆಲೋಶಿಪ್ಪಿನಲ್ಲಿ ಕಳೆದ ಮೇಲೆ ನನ್ನಂಥವರಿಗೆ ಕೈಗಾರಿಕೆಯಲ್ಲಿ ಕೆಲಸ ದೊರೆಯುವುದೇ?

ಕಿಣ್ವಪ್ರಿಯ:
ನಾನೂ ನಿಮ್ಮ ದಾರಿಯಲ್ಲೇ ಬಂದವನು, ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ: ಜೀವಶಾಸ್ತ್ರವನ್ನು ಕಲಿಯಬಹುದು. ಕಿಣ್ವಗಳ ನಿರ್ದೇಶಿತ ವಿಕಾಸಕ್ಕಾಗಿ (ಕಿಣ್ವವನ್ನು ಸುತ್ತು ಸುತ್ತಾಗಿ ಬದಲಾಯಿಸಿ, ಮೇಲಾದುದನ್ನು ಆರಿಸುತ್ತ ಹೋಗುವ ವಿಧಾನ) 2018ರ ನೊಬೆಲ್ ಪಡೆದ ಫ್ರಾನ್ಸೆಸ್ ಅರ್ನಾಲ್ಡ್ ಅವರ ಮೊದಲ ಪದವಿ ಯಂತ್ರ ಮತ್ತು ವಾಯುಯಾನ ಎಂಜಿನಿಯರಿಂಗಿನದು. ಅವರು ಸೌರಶಕ್ತಿ ಸಂಸ್ಥೆಯಲ್ಲಿ ದುಡಿದು, ಆಮೇಲೆ ಕಿಣ್ವಗಳತ್ತ ಬಂದರು.

ಮಧುಮೇಹದ ಔಷಧ ಸಿಟಾಗ್ಲಿಪ್ಟಿನ್‌ನ ಕಥೆಯನ್ನು ಗಮನಿಸಿ. ಅಧಿಕ ಒತ್ತಡದ ಜಲಜನಕ ಮತ್ತು ರೋಡಿಯಂ ಬಳಸುತ್ತಿದ್ದ ಹಂತದ ಬದಲಿಗೆ ಮರ್ಕ್ ಮತ್ತು ಕೋಡೆಕ್ಸಿಸ್ ಕಂಪನಿಗಳ ವಿಜ್ಞಾನಿಗಳು ಕೀಟೋನನ್ನು ಅಮೀನಾಗಿಸುವ ಟ್ರಾನ್ಸಮಿನೇಸ್ ಕಿಣ್ವವೊಂದನ್ನು ರೂಪಿಸಿ, 2010ರಲ್ಲಿ ಪ್ರಕಟಿಸಿದರು. ಮೂಲ ಕಿಣ್ವಕ್ಕೆ ಈ ಔಷಧವಾಗಿ ಮಾರ್ಪಡಬೇಕಿದ್ದ ಕೀಟೋನಿನ ಮೇಲೆ ಕೆಲಸ ಮಾಡುವ ಶಕ್ತಿಯೇ ಇರಲಿಲ್ಲ. ಸುತ್ತು ಸುತ್ತಾಗಿ ಬದಲಾಯಿಸುತ್ತ ಹೋದ ಮೇಲೆ, 27 ಮಾರ್ಪಾಡುಗಳನ್ನು ಹೊತ್ತ ಕಿಣ್ವವು ಅರ್ಧದಷ್ಟು ಡಿಎಂಎಸ್‌ಒ ಎಂಬ ಸಾವಯವ ದ್ರಾವಕವಿದ್ದ ದ್ರಾವಣದಲ್ಲೂ ಕೆಲಸ ಮಾಡಿತು. ಒಟ್ಟು ತ್ಯಾಜ್ಯ ಶೇ. 19ರಷ್ಟು ತಗ್ಗಿತು. ಇಲ್ಲಿ ಪ್ರತಿ ಸುತ್ತಿನಲ್ಲೂ ಸಾವಿರಾರು ರೂಪಾಂತರಗಳಲ್ಲಿ ಯಾವುದು ಮೇಲು ಎಂದು ನಿರ್ಣಯಿಸುವುದು ಅಳತೆ. ಅಳತೆ ತಪ್ಪಿದರೆ ತಪ್ಪು ಕಿಣ್ವವೇ ಆಯ್ಕೆಯಾಗುತ್ತದೆ. ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಉಪಕರಣದಲ್ಲಿ) ಕಲ್ಮಶವೊಂದರ ಶಿಖರವನ್ನು ಗುರುತಿಸಬಲ್ಲ ನಿಮ್ಮ ಕಣ್ಣಿಗೆ ಅಂಥ ತಂಡಗಳಲ್ಲಿ ಬೆಲೆಯಿದೆ.

ಹುದುಗುತೊಟ್ಟಿ:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಒಂದು ಎಚ್ಚರಿಕೆಯೂ ಇರಲಿ. ಕಿಣ್ವ ಬಳಸಿದ ಮಾತ್ರಕ್ಕೆ ಪ್ರಕ್ರಿಯೆ ಹಸಿರಾಗುವುದಿಲ್ಲ. ಲೀಟರಿಗೆ ಐದು ಗ್ರಾಂ ಮೂಲವಸ್ತುವಷ್ಟೇ ಹಿಡಿಸುವ ತೆಳು ದ್ರಾವಣವಾದರೆ ನೀರೇ ತ್ಯಾಜ್ಯವಾಗುತ್ತದೆ. ಉತ್ಪನ್ನವನ್ನು ಬೇರ್ಪಡಿಸುವಾಗ ಪ್ರೋಟೀನು ನೊರೆಯೆಬ್ಬಿಸಿ ಎರಡು ಪದರಗಳನ್ನು ಬೆರೆಸಿಬಿಡುತ್ತದೆ. ಇಂಥ ತೊಡಕುಗಳನ್ನು ರಿಯಾಕ್ಟರಿನ ಪಕ್ಕದಲ್ಲಿ ನಿಂತು ಬಿಡಿಸಬಲ್ಲವರು ವಿರಳ. ಮಾರ್ಗದರ್ಶಕರನ್ನು ಆರಿಸುವಾಗ, ಅವರ ಪ್ರಯೋಗಾಲಯದ ಕೆಲಸ ಮಿಲಿಗ್ರಾಂ ದಾಟಿ ಕಿಲೋವರೆಗೆ ಹೋಗಿದೆಯೇ ಎಂದು ಕೇಳಿ. ನಮ್ಮ ಬೆಂಗಳೂರಿಗೆ ಈ ಉದ್ಯಮ ಹೊಸದಲ್ಲ: 1978ರಲ್ಲಿ ಬಯೋಕಾನ್ ಆರಂಭವಾದದ್ದೇ ಪರಂಗಿಹಣ್ಣಿನ ಪಪೇನ್ ಕಿಣ್ವದಂಥ ಉತ್ಪನ್ನಗಳಿಂದ.

ತುಂಗಾನಗರ:
ಮನೆಯ ಹೊಣೆ ಇರುವಾಗ ಕೆಲಸ ಬಿಡುವ ಮುನ್ನ ಈಗಿರುವಲ್ಲೇ ಒಂದು ಪ್ರಯೋಗ ಮಾಡಿ ನೋಡಬೇಕೆಂದು ನನ್ನ ಅಭಿಪ್ರಾಯ. ಕೀಟೋನುಗಳನ್ನು ಆಲ್ಕೊಹಾಲುಗಳಾಗಿ ಅಪಕರ್ಷಿಸುವ ಕೀಟೋರಿಡಕ್ಟೇಸ್ ಕಿಣ್ವಗಳು ಪರೀಕ್ಷೆಗೆಂದೇ ಕಿಟ್‌ಗಳಾಗಿ ಮಾರಾಟಕ್ಕಿವೆ. ಈ ಕಿಣ್ವಗಳಿಗೆ ಜಲಜನಕ ಒದಗಿಸುವ ಸಹಕಿಣ್ವವನ್ನು ಮರಳಿ ಸಜ್ಜುಗೊಳಿಸಲು ಗ್ಲೂಕೋಸ್ ಡಿಹೈಡ್ರೋಜಿನೇಸ್ ಬಳಸಿದರೆ ಗ್ಲೂಕೋನಿಕ್ ಆಮ್ಲ ಉಂಟಾಗಿ ಪಿಎಚ್ ಇಳಿಯುತ್ತದೆ, ಅದನ್ನು ಕ್ಷಾರ ಹಾಕಿ ಹಿಡಿದಿಡಬೇಕು. ಅದೇ ಕೆಲಸಕ್ಕೆ ಐಸೋಪ್ರೊಪನಾಲ್ ಒಪ್ಪುವ ಕಿಣ್ವ ಸಿಕ್ಕಿದರೆ ಆ ಗೋಜಿಲ್ಲ. ಹತ್ತು ಪರೀಕ್ಷೆಗಳ ಫಲಿತಾಂಶ ಕೈಯಲ್ಲಿದ್ದರೆ ಪಿಎಚ್.ಡಿ. ಸಂದರ್ಶನದಲ್ಲೂ ನಿಮ್ಮ ಮಾತಿಗೆ ತೂಕ ಬರುತ್ತದೆ.

ಹೇಮಾವತಿತೀರ:
ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನಾವೀಗ ತಯಾರಿಸುತ್ತಿರುವ ಮಧ್ಯವರ್ತಿಯ (ಔಷಧ ತಯಾರಿಕೆಯ ನಡುವಿನ ರಾಸಾಯನಿಕದ) ಮೂರನೆಯ ಹಂತವೇ ಕೀಟೋನಿನ ಅಪಕರ್ಷಣೆ. ಅದನ್ನು ಶೂನ್ಯಕ್ಕಿಂತ ಬಹಳ ಕೆಳಗಿನ ತಾಪಮಾನದಲ್ಲಿ ಬೋರೇನ್ ಎಂಬ ಅಪಕರ್ಷಕ ಬಳಸಿ ಮಾಡುತ್ತಿದ್ದೇವೆ. ಸೋಮವಾರ ನಮ್ಮ ವಿಭಾಗದ ಮುಖ್ಯಸ್ಥರ ಮುಂದೆ ಕಿಟ್ ತರಿಸುವ ಪ್ರಸ್ತಾಪವನ್ನಿಡುತ್ತೇನೆ, ಫಲಿತಾಂಶವನ್ನು ಇಲ್ಲಿಯೇ ಬರೆಯುತ್ತೇನೆ.